ಅರವತ್ತೆಂಟರಲ್ಲಿ ನಿಂತ ಚಿತ್ರ

ಮತ್ತೆ ಅರವತ್ತೆಂಟಕ್ಕೇ ನಿಂತಿತು. ಹಸಿರು ಪಟ್ಟಿ ಅಲ್ಲಿಯವರೆಗೆ ಒಳ್ಳೆಯ ಮನೆತನದ ಅಳಿಯನ ಹಾಗೆ ತಲೆ ತಗ್ಗಿಸಿಕೊಂಡು ನಡೆದು ಬಂದು, ಅರವತ್ತೆಂಟು ಪರ್ಸೆಂಟ್ ಎಂಬಲ್ಲಿ ಕಾಲು ನೆಟ್ಟುಬಿಟ್ಟಿತು. ಕಂಪ್ಯೂಟರಿನ ಫ್ಯಾನು ಮಾತ್ರ ಒಳಗೆ ಏನೋ ಮಹತ್ಕಾರ್ಯ ನಡೆಯುತ್ತಿದೆ ಎಂಬಂತೆ ಕೂಗುತ್ತಲೇ ಇತ್ತು. ತುಸು ಹೊತ್ತಿಗೆ ಪರದೆ ಬಿಳಚಿಕೊಂಡಿತು, ಬಾಣದ ಗುರುತು ಹೋಗಿ ಸುತ್ತುವ ಬಳೆ ಬಂತು, ಮೇಲೆ 'ಪ್ರೋಗ್ರಾಂ ಪ್ರತಿಕ್ರಿಯಿಸುತ್ತಿಲ್ಲ' ಎಂಬ ಸಾಲು ಮೂಡಿತು. ಅವನು ಅಭ್ಯಾಸಬಲದಿಂದ ಆ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದ. ಒಂದು ತಪ್ಪೂ ಇರಲಿಲ್ಲ. ಇದ್ದಿದ್ದರೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು. ಪತ್ರಿಕೆಯ ಕಚೇರಿಯಲ್ಲಿ ಬೇರೆಯವರು ಬರೆದದ್ದರ ಕರಡು ತಿದ್ದುತ್ತಲೇ ತಲೆ ನರೆಸಿಕೊಂಡವನು ಅವನು. ಲೋಕದ ಬಹುಪಾಲು ಕೇಡು ಒಂದು ಒತ್ತಕ್ಷರ ಬಿಟ್ಟುಹೋದದ್ದರಿಂದಲೇ ಶುರುವಾಗುತ್ತದೆ ಎಂದು ನಂಬಿದವನು. ಹೆಂಡತಿಯ ತವರಿನವರು ತನಗೆ 'ತಿದ್ದುಪಡಿ' ಎಂದು ಅಡ್ಡಹೆಸರಿಟ್ಟಿರುವುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುವುದೂ ಗೊತ್ತಿತ್ತು. ಇಟ್ಟವನು ಷಡ್ಡಕ, ಹೆಂಡತಿಯ ತಂಗಿಯ ಗಂಡ, ಟೀವಿ ಫ್ರಿಜ್ಜು ಮಾರುವ ಅಂಗಡಿಯವನು. ಅವನ ಮನೆಯಲ್ಲೇ ಸಂಜೆ ಮಾವನ ಎಂಬತ್ತನೆಯ ಹುಟ್ಟುಹಬ್ಬ. ಅಲ್ಲಿ ಗೋಡೆಯಗಲದ ಟೀವಿಯಲ್ಲಿ, ಮನೆಮಂದಿಯೆಲ್ಲ ಮಾವನಿಗೆ ಎರಡೆರಡು ಮಾತು ಹೇಳಿರುವ ಚಿತ್ರ ತೋರಿಸಬೇಕು. ಆ ಚಿತ್ರ ಇವನ ಮೇಜಿನ ಮೇಲೆ, ನೀರು ಕಂಡ ಕೋಣದ ಹಾಗೆ ಮಲಗಿಕೊಂಡಿತ್ತು.

ಬೆಳಗಿನಿಂದ ಇಂಟರ್ನೆಟ್ಟಿನ ಪಂಡಿತರು ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದ್ದ. ಒಬ್ಬ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ ಎಂದಿದ್ದ. ಇದನ್ನು ಹೇಳಲಿಕ್ಕೆ ಒಬ್ಬ ಮನುಷ್ಯ ತಾಯಿಯ ಹೊಟ್ಟೆಯಿಂದ ಹುಟ್ಟಿ ಬರಬೇಕಿತ್ತೇ ಎಂದುಕೊಳ್ಳುತ್ತಲೇ ಆರಿಸಿ ಹಚ್ಚಿದ. ಇನ್ನೊಬ್ಬ, ಸಾಫ್ಟ್‌ವೇರು ತನ್ನಷ್ಟಕ್ಕೆ ಕೂಡಿಹಾಕಿಕೊಂಡಿರುವ ತಾತ್ಕಾಲಿಕ ಫೈಲುಗಳನ್ನು ಅಳಿಸಿ ಎಂದ, ಅಳಿಸಿದ. ಮತ್ತೊಬ್ಬ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ ಎಂದ. ಹಾಕಿದ ಮೇಲೆ ಅರವತ್ತೆಂಟು ಮೊದಲಿಗಿಂತ ಬೇಗ ಬಂತು, ಅಷ್ಟೇ ಲಾಭ. ಫೋನಿನಲ್ಲಿ ತೆಗೆದ ವಿಡಿಯೋಗಳ ವೇಗ ಒಂದೇ ಸಮನಾಗಿ ಇರುವುದಿಲ್ಲ, ಅದನ್ನು ಒಂದೇ ವೇಗಕ್ಕೆ ತಂದುಕೊಳ್ಳಿ ಎಂದವನ ಮಾತಿನಲ್ಲಿ ಸ್ವಲ್ಪ ವಿದ್ಯೆ ಕಂಡಿತು. ಅವನ ಬರವಣಿಗೆಯಲ್ಲಿ ಪೂರ್ಣವಿರಾಮಗಳೂ ಇದ್ದವು. ಒಂದೊಂದಾಗಿ ಎಲ್ಲ ವಿಡಿಯೋಗಳನ್ನೂ ಬದಲಾಯಿಸಿ, ಕೈಕಟ್ಟಿ ಕುಳಿತು ನೋಡಿದ. ಅರವತ್ತೆಂಟು. ಎಲ್ಲರಿಗಿಂತ ಕೆಳಗೆ ಒಬ್ಬ ಮಹಾನುಭಾವ, 'ನನಗೂ ಇದೇ ತೊಂದರೆ ಇತ್ತು, ಈಗ ಸರಿಹೋಯಿತು, ಎಲ್ಲರಿಗೂ ಧನ್ಯವಾದ' ಎಂದು ಬರೆದು, ಏನು ಮಾಡಿದ್ದರಿಂದ ಸರಿಹೋಯಿತು ಎಂಬುದನ್ನು ಬರೆಯದೆ ಎದ್ದುಹೋಗಿದ್ದ. ಇಂಥವರನ್ನು ಹಿಡಿದು ತರುವುದಕ್ಕೆ ಯಾವ ಕಾನೂನೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕು, ಅದನ್ನು ಕುಣಿಯುವವನೇ ಕೂತು ನೆಟ್ಟಗೆ ಮಾಡಬೇಕು.

ಅಷ್ಟಕ್ಕೂ ಆ ಚಿತ್ರದೊಳಗೆ ಇದ್ದದ್ದಾದರೂ ಏನು? ನಾದಿನಿ ಕೆನ್ನೆಯ ಮೇಲೆ ಕೂದಲು ಇಳಿಬಿಟ್ಟುಕೊಂಡು, ಅಪ್ಪ ನಮಗೆಲ್ಲ ದಾರಿದೀಪ ಎಂದು ಎಲ್ಲಿಯೋ ಕೇಳಿದ್ದನ್ನು ಒಪ್ಪಿಸಿದ್ದಳು. 'ಧಾರಿಧೀಪ' ಎಂದು ಉಸಿರು ಕಟ್ಟಿ ಹೇಳಿದ್ದನ್ನು ಅವನು ಎರಡು ಕಡೆ ಕತ್ತರಿಸಿ ಮಟ್ಟ ಮಾಡಿದ್ದ. ಷಡ್ಡಕನದು ಎಲ್ಲರಿಗಿಂತ ಉದ್ದ. ಅವನನ್ನು ಇವನು ಮನಸ್ಸಿನಲ್ಲಿ ಉದ್ಘಾಟಕ ಎಂದೇ ಕರೆಯುವುದು, ಯಾರ ಮನೆಯ ಯಾವ ಕಾರ್ಯವಾದರೂ ರಿಬ್ಬನ್ ತನ್ನದೇ ಎಂಬಂತೆ ಮುಂದೆ ನಿಲ್ಲುವವನು. ಅಂಗಡಿಯಿಂದ ಮೈಕು ತಂದು ಬಾಯಿಗೆ ಅಂಟಿಸಿಕೊಂಡು, ತಾನು ಮಾವನಿಗೆ ಅಳಿಯನಲ್ಲ ಮಗ ಎಂದಿದ್ದ. ಹಾಗಾದರೆ ಇನ್ನೊಬ್ಬ ಅಳಿಯ ಏನು? ಅದನ್ನು ಹೇಳಿರಲಿಲ್ಲ. ಅವನ ಮಾತಿನಲ್ಲಿದ್ದ 'ಅಂದ್ರೆ'ಗಳನ್ನೆಲ್ಲ ಹೆಕ್ಕಿ ತೆಗೆದ ಮೇಲೆ ಉದ್ದ ಅರ್ಧಕ್ಕೆ ಇಳಿದಿತ್ತು, ಮುಂದಿನ ವಾಕ್ಯಕ್ಕೂ ಹಿಂದಿನದಕ್ಕೂ ಸಂಬಂಧ ಹುಟ್ಟಿತ್ತು. ಇಷ್ಟೆಲ್ಲ ಮಾಡಿದ್ದಕ್ಕೆ ಸಂಜೆ ಯಾರೂ ಒಂದು ಮಾತು ಆಡುವುದಿಲ್ಲ. ತಿದ್ದಿದವನ ಕೆಲಸ ಚೆನ್ನಾದಷ್ಟೂ ಕಾಣುವುದಿಲ್ಲ. ಬರೆದವನು ಹೆಗಲು ಕುಣಿಸುತ್ತಾನೆ. ಕಚೇರಿಯಲ್ಲಿ ಒಮ್ಮೆ ಸಂಪಾದಕರು ಅವನ ಮೇಜಿನ ಹತ್ತಿರ ಬಂದು ನಿಂತಾಗ ಅವನು ಎದ್ದು ನಿಂತಿದ್ದ. ಅವರು ಅವನ ಹಿಂದಿನ ಕಿಟಕಿ ಮುಚ್ಚಿ ಹೋದರು. ಎದ್ದವನು ಮತ್ತೆ ಕೂರುವುದಕ್ಕೆ ಒಂದು ಕಾರಣ ಬೇಕಲ್ಲ ಎಂದು ನೀರು ಕುಡಿಯಲು ಹೋಗಿದ್ದ. ಈಗಲೂ ಅವನು ಎದ್ದು ಹೋಗಿ ನೀರು ಕುಡಿದು ಬಂದ. ಅಡುಗೆಮನೆಯಲ್ಲಿ ಹೆಂಡತಿ ಸಂಜೆಗೆ ಉಡುವ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಆಯ್ತಾ ಎಂದು ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವಳು ನುರಿತವಳು.

ಅರವತ್ತೆಂಟು ಎಲ್ಲಿ ಬರುತ್ತದೆ ಎಂದು ಅವನಿಗೆ ಬೆಳಗಿನಿಂದಲೂ ಗೊತ್ತಿತ್ತು. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ರಿಪೇರಿ ಮಾಡುತ್ತ ಕುಳಿತಿದ್ದ. ಅಲ್ಲಿ ಇದ್ದದ್ದು ಹೆಂಡತಿಯ ಮಾತು. ಅಂದರೆ, ಹೆಂಡತಿಯ ಮಾತಿನ ಮೇಲೆ ಅವನು ಹೊದಿಸಿದ ಒಂದು ಫೋಟೋ. ಮಾವ ನೇಯ್ಗೆಯ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಸಾಲು ಮಗ್ಗಗಳ ಗದ್ದಲದಲ್ಲಿ ಕಿರುಚಿದರೂ ಕೇಳದ ಕಡೆ ಅಲ್ಲಿಯವರು ದನಿಯಿಲ್ಲದೆ ತುಟಿ ಆಡಿಸಿಯೇ ಮಾತಾಡುತ್ತಿದ್ದರಂತೆ. ಆ ಗದ್ದಲ ಮಾವನ ಕಿವಿಯನ್ನು ತಿಂದುಹಾಕಿತು, ತುಟಿ ಓದುವುದು ಉಳಿಯಿತು. ಹೆಣ್ಣುಮಕ್ಕಳಿಬ್ಬರಿಗೂ ಕಲಿಸಿದ್ದರು, ಚಿಕ್ಕವಳು ಮರೆತಳು, ಇವನ ಹೆಂಡತಿ ಮರೆಯಲಿಲ್ಲ. ಮದುವೆಯಾದ ಹೊಸತರಲ್ಲಿ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಮಗಳು ಮೇಜಿನ ಆಚೆ ಈಚೆ ಸದ್ದಿಲ್ಲದೆ ತುಟಿ ಕುಣಿಸಿ, ಒಟ್ಟಿಗೆ ಇವನ ತಟ್ಟೆಯ ಕಡೆ ನೋಡಿ ನಕ್ಕಿದ್ದರು. ಏನು ಎಂದು ಆಮೇಲೆ ಕೇಳಿದ್ದಕ್ಕೆ, "ಏನಿಲ್ಲ ರೀ" ಎಂದಿದ್ದಳು. ನಿಮಗೂ ಕಲಿಸ್ತೀನಿ ಬನ್ನಿ ಎಂದೂ ಅಂದಿದ್ದಳು. "ನನಗೆ ಕಿವಿ ಕೇಳತ್ತೆ" ಎಂದಿದ್ದ ಅವನು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಅಲ್ಪಪ್ರಾಣ ಮಹಾಪ್ರಾಣದ ಗೊಡವೆಯೇ ಇಲ್ಲ. ಅಪ್ಪ ಎಂದರೂ ಅಮ್ಮ ಎಂದರೂ ಅದೇ ಮುಚ್ಚಿದ ಬಾಯಿ. ಇಂಥದ್ದನ್ನು ಭಾಷೆ ಎಂದು ಒಪ್ಪಿಕೊಂಡರೆ ನಾಳೆ ಆಕಳಿಕೆಗೂ ವ್ಯಾಕರಣ ಬರೆಯಬೇಕಾಗುತ್ತದೆ. ಹೀಗೆ ತಮಾಷೆ ಮಾಡಿಕೊಂಡೇ ಇಷ್ಟು ವರ್ಷ ಆ ಮನೆಯ ಕೋಣೆಗಳಲ್ಲಿ ಅವನು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಕಣ್ಣು ಹೊರಳಿಸುತ್ತ, ಮಾತು ತನ್ನ ಮೇಲೆ ಹಾದುಹೋಗುವುದನ್ನು ಕಾಯುತ್ತ ಕುಳಿತಿದ್ದ. ಆ ತುಟಿಗಳು ತನ್ನ ವಿಷಯವನ್ನಲ್ಲದೆ ಬೇರೇನನ್ನೂ ಆಡುವುದಿಲ್ಲ ಎಂದು ಅವನಿಗೆ ಅನುಮಾನವಿರಲಿಲ್ಲ.

ಹೆಂಡತಿಯ ವಿಡಿಯೋ ತೆಗೆದದ್ದು ನಾದಿನಿ, ತನ್ನ ಅಡುಗೆಮನೆಯಲ್ಲಿ, ಹೊಗೆ ಎಳೆಯುವ ಫ್ಯಾನು ಹಾಕಿಕೊಂಡೇ. ಮೊದಲ ಭಾಗವೆಲ್ಲ ಬರೀ ಗೊರಗೊರ. ಹೆಂಡತಿ ಕ್ಯಾಮೆರಾಕ್ಕೆ ನೆಟ್ಟಗೆ ಮುಖ ಕೊಟ್ಟು, ತುಟಿಗಳನ್ನು ಅಗಲಿಸಿ ಅಗಲಿಸಿ, ನಾಟಕದವರ ಹಾಗೆ ಏನೋ ಹೇಳುತ್ತಿದ್ದಳು. ನಡುವೆ ಯಾರೋ ಫ್ಯಾನು ಆರಿಸಿದರು. ಆಗ ಕಿವಿಗೆ ಬಿದ್ದದ್ದು ಕಡೆಯ ಒಂದೇ ಮಾತು: "ನಂಗೆ ಇವರು ಸಾಕಪ್ಪ." ಹೇಳಿ ಕೈ ಬೀಸಿ ನಕ್ಕಿದ್ದಳು. ಸಾಕಪ್ಪ. ಬಸ್ಸಿನ ನೂಕುನುಗ್ಗಲಿನಿಂದ ಇಳಿದವರು, ಬಾಯಿಬಡುಕ ನೆಂಟರನ್ನು ಸಾಗಹಾಕಿ ಬಾಗಿಲು ಹಾಕಿಕೊಂಡವರು ಹೇಳುವ ಮಾತು. ಎಂಬತ್ತು ತುಂಬಿದ ತಂದೆಗೆ ಇವಳಿಗೆ ಹೇಳಲು ಸಿಕ್ಕಿದ್ದು ಇದೇ? ಅದೂ ಉದ್ಘಾಟಕನ ಗೋಡೆಯ ಮೇಲೆ, ಎಲ್ಲರೂ ತಿಂಡಿ ತಿನ್ನುತ್ತ ಕೂತಿರುವಾಗ. ಅವನ ಕಿವಿ ಬಿಸಿಯಾಗಿತ್ತು. ಅವಳ ಮಾನ ಕಾಪಾಡುವುದಕ್ಕೆ ಎಂದುಕೊಂಡೇ ಆ ಗೊರಗೊರದ ಭಾಗವನ್ನು ಕತ್ತರಿಸಿದ, ಉಳಿದದ್ದರ ಸದ್ದು ತೆಗೆದು ಪಿಟೀಲು ಹಾಕಿದ, ಮುಖದ ಮೇಲೆ ಮಾವ ಗಿರಣಿಯ ಗೇಟಿನ ಮುಂದೆ ನಿಂತಿದ್ದ ಹಳೆಯ ಫೋಟೋ ಹೊದಿಸಿದ. ಉಳಿದವರು ಕೊಟ್ಟ ಫೋಟೋಗಳೆಲ್ಲ ಫೋನಿನಿಂದ ಫೋನಿಗೆ ಹಾರಿ ಸವೆದುಹೋದವು. ಇದೊಂದನ್ನು ಅವನು ಕಚೇರಿಯ ದೊಡ್ಡ ಸ್ಕ್ಯಾನರಿನಲ್ಲಿ, ಗೋಡೆಗೆ ಹಚ್ಚುವ ಜಾಹೀರಾತಿನ ಅಳತೆಯಲ್ಲಿ ಸ್ಕ್ಯಾನ್ ಮಾಡಿಸಿದ್ದ. ಮಾವನ ಅಂಗಿಯ ಹೊಲಿಗೆ ಕೂಡ ಎಣಿಸುವಷ್ಟು ಸ್ಪಷ್ಟ. ಅದು ಮೆಲ್ಲಗೆ ಹತ್ತಿರ ಬರುವ ಹಾಗೆ, ಅಂಚು ಮಸುಕಾಗುವ ಹಾಗೆ ಮಾಡಿದ್ದ. ಇಡೀ ಚಿತ್ರದಲ್ಲಿ ಅಷ್ಟು ಚೆಂದದ ಜಾಗ ಇನ್ನೊಂದಿರಲಿಲ್ಲ.

ಹೆಂಡತಿ ಫೋನು ಹಿಡಿದು ಒಳಗೆ ಬಂದಳು. ಸ್ಪೀಕರಿನಲ್ಲಿ ಷಡ್ಡಕನ ದನಿ ಕೋಣೆ ತುಂಬಿತು. "ಭಾವ, ಟೀವಿ ಒರೆಸಿ ಇಟ್ಟಿದೀನಿ. ಚಿತ್ರ ಎಲ್ಲೋ ನಿಂತುಬಿಡತ್ತೆ ಅಂದ್ರು ಅಕ್ಕ?"

"ಆಗ್ತಾ ಇದೆ" ಎಂದ ಅವನು.

"ನಮ್ಮ ಅಂಗಡಿ ಜಾಹೀರಾತು ಮಾಡುವಾಗ ನಂಗೂ ಹೀಗೇ ಆಗಿತ್ತು. ಮೇಲೆ ಹೊದಿಸಿರೋ ಫೋಟೋ, ಅಕ್ಷರ ಎಲ್ಲಾ ಒಂದೊಂದಾಗಿ ಮರೆ ಮಾಡಿ ಓಡಿಸಿ ನೋಡಿ. ಪಕ್ಕದಲ್ಲಿ ಕಣ್ಣಿನ ಗುರುತು ಇರತ್ತಲ್ಲ, ಅದನ್ನ ಒತ್ತಿದ್ರೆ ಆಯ್ತು. ಕೆಳಗಿಂದು ಸಲೀಸಾಗಿ ಓಡಿದ್ರೆ ತಪ್ಪು ಮೇಲಿಂದರದ್ದು. ನೀವು ತಪ್ಪು ಹುಡುಕೋದ್ರಲ್ಲಿ ಎಕ್ಸ್‌ಪರ್ಟು, ನಾನೇನು ಹೇಳೋದು."

ಷಡ್ಡಕ ಗಹಗಹಿಸಿ ನಕ್ಕ. ಫೋನು ಆರಿದ ಮೇಲೂ ಆ ನಗು ಕೋಣೆಯಲ್ಲಿ ಉಳಿಯಿತು. ಅವಳು ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವಳ ಸೀರೆಯಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತಿತ್ತು. ಅವನು ಮೊದಲಿನ ತುದಿಯಿಂದ ಶುರುಮಾಡಿದ: ಶೀರ್ಷಿಕೆಯ ಅಕ್ಷರ ಮರೆ ಮಾಡಿದ, ಏನೂ ಆಗಲಿಲ್ಲ, ನಾದಿನಿಯ ಮದುವೆಯ ಫೋಟೋ ಮರೆ ಮಾಡಿದ, ಏನೂ ಆಗಲಿಲ್ಲ. ಬೇಕೆಂದೇ ನಿಧಾನ ಮಾಡುತ್ತಿದ್ದ. ಹೊತ್ತು ಕಳೆದರೆ ಅವಳು ತಲೆ ಬಾಚಿಕೊಳ್ಳಲು ಎದ್ದು ಹೋದಾಳು, ಆಗ ಫೋಟೋವನ್ನು ಚಿಕ್ಕದು ಮಾಡಿ ಮತ್ತೆ ಹೊದಿಸಿದರಾಯಿತು. ಆ ಫೋಟೋವೇ ಕಳ್ಳ ಎಂದು ಈಗ ಅವನಿಗೆ ಖಾತ್ರಿಯಾಗಿತ್ತು. ಬೇರೆಯವರ ಗಲೀಜನ್ನೆಲ್ಲ ನುಂಗಿಕೊಂಡು ಬಂದ ಯಂತ್ರ, ಅವನ ಒಂದು ಅಚ್ಚುಕಟ್ಟು ಕೆಲಸದ ಭಾರಕ್ಕೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಅರವತ್ತೆಂಟು ಅಂದ್ರೆ ಇನ್ನೂ ಮುಂದೆ ಅಲ್ವಾ?" ಎಂದಳು. "ಅಲ್ಲೇ ನೋಡಿ."

"ಕ್ರಮವಾಗಿ ನೋಡ್ಕೊಂಡು ಹೋಗ್ಬೇಕು."

"ಗಂಟೆ ಎಷ್ಟಾಯ್ತು ಗೊತ್ತಾ?" ಅವಳು ಕೈ ಚಾಚಿ, ಮೌಸಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟು, ಗಿರಣಿಯ ಗೇಟಿನ ತನಕ ಎಳೆದು ತಂದಳು. "ಇದು ಅಪ್ಪನ ಹಳೇ ಫೋಟೋ. ಚೆನ್ನಾಗಿ ಬಂದಿದೆ. ಇದನ್ನ ಮರೆ ಮಾಡಿ."

ಇಲ್ಲ ಎನ್ನಲು ಅವನಿಗೆ ಒಂದು ಕಾರಣ ಹೊಳೆಯಲಿಲ್ಲ. ಕಣ್ಣಿನ ಗುರುತು ಒತ್ತಿದ. ಮಾವ ಮಾಯವಾದರು, ಹೆಂಡತಿಯ ಮುಖ ಬಂತು. ಪಿಟೀಲಿನ ಕೆಳಗೆ ಅವಳು ಬಾಯಗಲಿಸಿ ಎರಡೇ ಎರಡು ಕ್ಷಣ ಏನೋ ಹೇಳಿ, ಕೈ ಬೀಸಿ ನಕ್ಕಳು. ಪಟ್ಟಿ ಸಲೀಸಾಗಿ ಮುಂದೆ ಹೋಯಿತು. ಅವನು ಪರದೆಯನ್ನೇ ನೋಡುತ್ತಿದ್ದ.

"ನನ್ನ ಮೇಲೆ ಹಾಕಿದ್ರಾ ಅದನ್ನ?" ಅವಳ ದನಿ ಏರಿರಲಿಲ್ಲ. ಸೀರೆ ಎಷ್ಟಕ್ಕೆ ತಂದದ್ದು ಎಂದು ಕೇಳುವಾಗಲೂ ಹಾಗೇ ಕೇಳುತ್ತಿದ್ದಳು.

"ಸದ್ದು ಸರಿ ಇರ್ಲಿಲ್ಲ ಕಣೇ. ಫ್ಯಾನಿಂದು ಗೊರಗೊರ."

"ಅಪ್ಪಂಗೆ ಸದ್ದು ಯಾಕೆ?"

ಅಷ್ಟು ದಿನ ಕೂತು ಚಿತ್ರ ಜೋಡಿಸುವಾಗ, ನೋಡುವವರು ಕಿವುಡರು ಎಂಬುದು ಅವನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ಎಲ್ಲರ ಉಚ್ಚಾರ ತಿದ್ದಿದ್ದ. ಮುಚ್ಚಿದ್ದು ಒಂದೇ ಮುಖ, ಮಾವ ಓದಬಹುದಾಗಿದ್ದ ಮುಖ.

"ಮೊದ್ಲಿಂದ ಹಾಕಿ" ಎಂದಳು. ಅವನು ಪಿಟೀಲು ತೆಗೆದು ಮೊದಲಿನ ಸದ್ದು ಹಾಕಿ, ಕತ್ತರಿಸಿದ್ದ ತುದಿಯನ್ನು ಹಿಡಿದು ಹಿಂದಕ್ಕೆ ಎಳೆದ. ಬಿಟ್ಟುಹೋಗಿದ್ದ ಭಾಗ ಒಳಗಿಂದ ಹೊರಗೆ ಬಂತು. ಗೊರಗೊರದ ನಡುವೆ ಅವಳ ತುಟಿಗಳು ಆಡತೊಡಗಿದವು. ಅವಳು ತನ್ನ ತುಟಿಯನ್ನು ತಾನೇ ನೋಡಿಕೊಂಡು, ಮಕ್ಕಳಿಗೆ ಉಕ್ತಲೇಖನ ಹೇಳುವವರ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. "ಅಪ್ಪ, ಇವರು ಮೊದ್ಲನೇ ಸಲ ಮನೆಗೆ ಬಂದು ಹೋದ ದಿನ ಅಡುಗೆಮನೇಲಿ ನೀನು ನನ್ನ ಕೇಳಿದ್ದೆ, ನೆನಪಿದ್ಯಾ? ಇವನು ಸಾಕೇನೇ ನಿಂಗೆ ಅಂತ. ನಾನು ಆಗ ಏನೂ ಹೇಳ್ಲಿಲ್ಲ, ನಾಚ್ಕೊಂಡು ಓಡಿಹೋದೆ. ಉತ್ತರ ಈಗ ಹೇಳ್ತೀನಿ." ಅಲ್ಲಿ ಫ್ಯಾನು ಆರಿತು. ಚಿತ್ರದೊಳಗಿನವಳೇ ಹೇಳಿದಳು, ನಂಗೆ ಇವರು ಸಾಕಪ್ಪ.

ಸಾಕು, ಅಪ್ಪ. ನಡುವೆ ಒಂದು ಅಲ್ಪವಿರಾಮ. ಉಕಾರ ಲೋಪವಾಗಿ ಎರಡು ಪದ ಕೂಡಿಕೊಂಡಿವೆ. ಮಾಧ್ಯಮಿಕ ಶಾಲೆಯ ಹುಡುಗರೂ ಬಿಡಿಸಿ ಬರೆಯುವ ಸಂಧಿ. ಜನ್ಮವೆಲ್ಲ ಅಲ್ಪವಿರಾಮ ಹುಡುಕಿದವನಿಗೆ ತನ್ನ ಮನೆಯಲ್ಲಿ ಆಡಿದ ಒಂದು ಮಾತಿನಲ್ಲಿ ಅದು ಕಂಡಿರಲಿಲ್ಲ. ಎಲ್ಲರಿಗೂ ಯಾವಾಗಲೂ ತನ್ನನ್ನು ಕಂಡರೆ ಬೇಸರವೇ ಎಂದು ಮೊದಲೇ ತೀರ್ಮಾನಿಸಿಕೊಂಡವನು ಓದಿದ್ದೆಲ್ಲ ಹಾಗೆಯೇ. ನಾಚಿಕೆಯಾಯಿತು, ಅದರ ಬೆನ್ನಿಗೇ, ಅದಕ್ಕಿಂತ ಜೋರಾಗಿ, ಹುಚ್ಚು ಸಂತೋಷವಾಯಿತು. ಇವಳು ಸಾಕು ಎಂದಿದ್ದಾಳೆ. ಬೇರೆ ಯಾರೂ ಬೇಡ, ಇವನು ಸಾಕು ಎಂದು, ಉದ್ಘಾಟಕನ ಅಡುಗೆಮನೆಯಲ್ಲಿ ನಿಂತು ಹೇಳಿದ್ದಾಳೆ. ಆ ಸಂತೋಷದಲ್ಲಿ ಅವನು ಅವಳ ಕಡೆ ತಿರುಗಿ, ತನಗೇ ಅಪರಿಚಿತವಾದ ಮೆತ್ತನೆಯ ದನಿಯಲ್ಲಿ ಕೇಳಿದ. "ನಿಜವಾಗ್ಲೂ ಹಾಗಂದ್ಯಾ?"

"ಅದು ಹೋದ ತಿಂಗಳು ಹೇಳಿದ್ದು" ಎಂದಳು. ಎದ್ದು, ಕುರ್ಚಿಯನ್ನು ಇದ್ದ ಜಾಗಕ್ಕೆ ಸೇರಿಸಿ, ತಲೆ ಬಾಚಿಕೊಳ್ಳಲು ಹೋದಳು.

ಫೋಟೋ ತೆಗೆದುಹಾಕಿದ ಮೇಲೆ ಪಟ್ಟಿ ಅರವತ್ತೆಂಟನ್ನು ದಾಟಿ ತಿರುಗಿಯೂ ನೋಡದೆ ನೂರಕ್ಕೆ ಹೋಯಿತು. ಸಂಜೆ ಷಡ್ಡಕನ ಮನೆಗೆ ಹೋಗುವ ದಾರಿಯಲ್ಲಿ ಅವಳು ಕಿಟಕಿಯ ಕಡೆ ಕೂತು, ಅಪ್ಪನಿಗೆ ಕಟ್ಟಿಸಿದ್ದ ಶಾಲಿನ ಕಾಗದ ಹರಿಯದಂತೆ ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಅವನು ಎರಡು ಸಲ ಬಾಯಿ ತೆಗೆದ. ಒಂದು ಸಲ ಇನ್ನೂ ಎಷ್ಟು ದೂರ ಎಂದು ಕೇಳಿದ, ಗೊತ್ತಿದ್ದೂ. ತಪ್ಪಾಯಿತು ಎಂಬ ಪದದಲ್ಲಿ ಅವನಿಗೆ ಯಾವ ದೋಷವೂ ಕಾಣಲಿಲ್ಲ, ಆದರೂ ಅದನ್ನು ಅಚ್ಚಿಗೆ ಕಳಿಸಲಿಲ್ಲ.

ಷಡ್ಡಕನ ಹಾಲಿನಲ್ಲಿ ದೀಪ ಆರಿಸಿ ಟೀವಿ ಹಾಕಿದರು. ಮಾವ ಮುಂದಿನ ಕುರ್ಚಿಯಲ್ಲಿ ಕೈಗಳನ್ನು ಮೊಳಕಾಲಿನ ಮೇಲಿಟ್ಟು ಕೂತಿದ್ದರು, ಮಗಳು ಅವರ ಎದುರಿಗೆ ಸ್ಟೂಲಿನ ಮೇಲೆ. ಅವನು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ನಿಂತ. ನಾದಿನಿಯ ದಾರಿದೀಪಕ್ಕೆ ಚಪ್ಪಾಳೆಯಾಯಿತು. ಕೂದಲು ಅಡ್ಡ ಬಂದು ಮಾವನಿಗೆ ಅರ್ಧ ಬಾಯಿಯೇ ಸಿಕ್ಕಿತು. ಷಡ್ಡಕ ಅಷ್ಟು ಹೊತ್ತು ಆಡಿದ ಮಾತೆಲ್ಲ ಮೈಕಿನ ಹಿಂದೆ ಉಳಿದುಹೋಯಿತು, ಮಾವ ಸೌಜನ್ಯಕ್ಕೆ ತಲೆಯಾಡಿಸಿದರು. ಬೇರೆ ದಿನವಾಗಿದ್ದರೆ ಇದೊಂದು ವಾರಕ್ಕೆ ಅವನಿಗೆ ಸಾಕಾಗುವಷ್ಟು ನಗು. ಆಮೇಲೆ ಅವನ ಹೆಂಡತಿಯ ಮುಖ ಗೋಡೆ ತುಂಬ ಬಂತು. ಗೊರಗೊರಕ್ಕೆ ಯಾರೋ, ಸದ್ದು ಕೆಟ್ಟಿದೆ ಎಂದರು. ಮಾವ ಮುಂದಕ್ಕೆ ಬಾಗಿದರು. ಅವರ ತುಟಿಗಳೂ ಅವಳ ಜೊತೆಗೆ ಆಡಿದವು. ಮುಗಿದಾಗ ತೊಡೆ ತಟ್ಟಿಕೊಂಡು ಸದ್ದಿಲ್ಲದೆ ನಕ್ಕರು, ಕಣ್ಣು ಒರೆಸಿಕೊಂಡರು. "ಎಲ್ಲೂ ನಿಲ್ಲಲಿಲ್ಲ ನೋಡಿ ಭಾವ" ಎಂದ ಷಡ್ಡಕ, ತಾನೇ ಓಡಿಸಿದವನ ಹಾಗೆ.

ಮಾವ ಟೀವಿ ಬಿಟ್ಟು ಮಗಳ ಕಡೆ ತಿರುಗಿದರು. ಹುಬ್ಬೇರಿಸಿ, ದನಿಯಿಲ್ಲದೆ, ಒಂದೇ ಪದ ಕೇಳಿದರು. ಅವನಿಗೆ ಜೀವಮಾನದಲ್ಲಿ ಮೊದಲ ಸಲ ಓದಲು ಬಂತು: ಈಗ್ಲೂ? ಅವಳು ತಲೆಯೆತ್ತಿ ಬಾಗಿಲ ಕಡೆ, ಅವನ ಕಡೆ, ಒಂದು ಸಲ ನೋಡಿದಳು. ಆಮೇಲೆ ಸ್ಟೂಲನ್ನು ಎಳೆದುಕೊಂಡು, ಅವನಿಗೆ ಪೂರ್ತಿ ಬೆನ್ನಾಗಿ ಕೂತಳು. ಅವಳ ಹಿಂದಲೆ ಕಂಡಿತು, ಹೇಳುವಾಗ ಕುತ್ತಿಗೆ ಸ್ವಲ್ಪ ಅಲುಗಿದ್ದು ಕಂಡಿತು. ಮಾವ ಕೊನೆಯತನಕ ಓದಿದರು. ಅವರ ಮುಖದ ನಗು ಹೋಯಿತು. ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು; ಹಿಡಿದುಕೊಂಡೇ ಅವಳ ತಲೆಯ ಮೇಲಿಂದ ಅವನನ್ನು ನೋಡಿ, ಕಿವುಡರ ದೊಡ್ಡ ಗಂಟಲಿನಲ್ಲಿ, ಇಡೀ ಹಾಲಿಗೆ ಕೇಳುವ ಹಾಗೆ, "ಚೆನ್ನಾಗಿ ಮಾಡಿದೀರಿ" ಎಂದರು. ಎಲ್ಲರೂ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.